ದ್ವಿತೀಯ ಪಿಯುಸಿ ಮಕ್ಕಳಿರುವ ಮನೆಗೆ: ವಿದ್ಯಾರ್ಥಿವೇತನ ಮತ್ತು ಮುಂದಿನ ಓದು



ಕಳೆದ ತಿಂಗಳು ಒಂದು ಊರಿಗೆ ಹಾಲುಜ್ವರದ ಹಸು ನೋಡಲು ಹೋಗಿದ್ದೆ. ಕರು ಹಾಕಿ ಎರಡನೇ ದಿನ, ಹಸು ಕುತ್ತಿಗೆ ಹೊರಳಿಸಿಕೊಂಡು ಮಲಗಿಬಿಟ್ಟಿತ್ತು. ಕ್ಯಾಲ್ಸಿಯಂ ರಕ್ತನಾಳಕ್ಕೆ ನಿಧಾನವಾಗಿಯೇ ಇಳಿಯಬೇಕು, ಅವಸರಪಟ್ಟರೆ ಹಸುವಿನ ಹೃದಯಕ್ಕೆ ಅಪಾಯ. ಅಷ್ಟೂ ಹೊತ್ತು ಬಾಟಲಿ ಎತ್ತಿ ಹಿಡಿದು ನಿಂತವಳು ಆ ಮನೆಯ ಕಿರಿಯ ಮಗಳು. ದ್ವಿತೀಯ ಪಿಯುಸಿ ವಿಜ್ಞಾನ. ಕ್ಯಾಲ್ಸಿಯಂ ಕಡಿಮೆಯಾದರೆ ಮೈಯೇಕೆ ತಣ್ಣಗಾಗುತ್ತದೆ, ಜ್ವರವೇ ಇಲ್ಲದ ಕಾಯಿಲೆಗೆ ಹಾಲುಜ್ವರ ಎಂದು ಏಕೆ ಹೆಸರಿಟ್ಟರು ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದಳು. "ಮುಂದೆ ಏನು ಓದ್ತೀಯಮ್ಮ?" ಎಂದೆ. ಅವಳು ತಾಯಿಯ ಮುಖ ನೋಡಿದಳು.

ತಾಯಿ ಹೇಳಿದರು: "ದೊಡ್ಡವಳಿಗೂ ಒಳ್ಳೇ ಮಾರ್ಕ್ಸ್ ಬಂದಿತ್ತು ಡಾಕ್ಟ್ರೇ. ಸ್ಕಾಲರ್‌ಶಿಪ್ ಬರುತ್ತೆ ಅಂತ ಡಿಗ್ರಿಗೆ ಸೇರಿಸಿದ್ವಿ. ವರ್ಷ ಕಾದ್ರೂ ಬರಲಿಲ್ಲ. ಎರಡನೇ ವರ್ಷಕ್ಕೆ ಬಿಡಿಸಿ ಮದುವೆ ಮಾಡಿದ್ವಿ. ಇವಳದ್ದೂ ಹಾಗೇ ಏನೋ."

ಹಸು ಚೇತರಿಸಿಕೊಂಡ ಮೇಲೆ ಆ ದೊಡ್ಡ ಮಗಳ ಹಳೆಯ ಅರ್ಜಿಯ ಪ್ರತಿ ತರಿಸಿ ನೋಡಿದೆ. ಅರ್ಜಿ ಮಂಜೂರಾಗಿತ್ತು. ಹಣ ಮಾತ್ರ ಖಾತೆಗೆ ಜಮೆಯಾಗಿರಲಿಲ್ಲ, ಏಕೆಂದರೆ ಅವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಅದನ್ನು ಸರಿಪಡಿಸಿ ಎಂದು ಬಂದ ಸಂದೇಶವೂ ಮನೆಗೆ ತಲುಪಿರಲಿಲ್ಲ. ಅರ್ಜಿಯಲ್ಲಿದ್ದ ಮೊಬೈಲ್ ಸಂಖ್ಯೆ ಅದನ್ನು ತುಂಬಿಕೊಟ್ಟ ಕಂಪ್ಯೂಟರ್ ಅಂಗಡಿಯವರದ್ದು. ಬ್ಯಾಂಕಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಒಬ್ಬ ಹುಡುಗಿಯ ಓದು ನಿಂತಿತು.

ಈ ಸಂಚಿಕೆಯಲ್ಲಿ ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕಿತ್ತು. ಅದು ಮುಂದಿನ ಸಲಕ್ಕಿರಲಿ.

ಒಣ ಅವಧಿಯ ಕೆಲಸ

ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಿ, ಆಗಲೂ ಮೇವು ಹಿಂಡಿ ಸರಿಯಾಗಿ ಕೊಡಿ ಎಂದು ನಾವು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಹಾಲು ಕೊಡದ ಹಸುವಿಗೆ ಹಿಂಡಿ ಏಕೆ ಎಂದು ಕೆಲವರು ಆ ಎರಡು ತಿಂಗಳು ಬರೀ ಒಣಹುಲ್ಲಿನ ಮೇಲೆ ಬಿಡುತ್ತಾರೆ. ಹೊಟ್ಟೆಯೊಳಗಿನ ಕರು ಬೇಗ ಬೇಗ ಬೆಳೆಯುವುದೂ, ಕೆಚ್ಚಲು ಮುಂದಿನ ಸೂಲಿಗೆ ಸಜ್ಜಾಗುವುದೂ ಆಗಲೇ. ಕರು ಹಾಕಿದ ಮೇಲೆ ಎಷ್ಟು ತಿನ್ನಿಸಿದರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ.

ವಿದ್ಯಾರ್ಥಿವೇತನಕ್ಕೂ ಇದೇ ಲೆಕ್ಕ. ನಮ್ಮಲ್ಲಿ ಹೆಚ್ಚಿನವರು ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ಮೇಲೆ ಓಡಾಡಲು ಶುರು ಮಾಡುತ್ತಾರೆ. ಆಗ ನಾಡಕಚೇರಿ, ಆಧಾರ್ ಕೇಂದ್ರ ಎಲ್ಲ ಕಡೆಯೂ ಸಾಲು. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿಯ ಹೊತ್ತಿಗೇ ಆರಂಭವಾಗಿ, ಫಲಿತಾಂಶಕ್ಕೆ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಕಾಗದ ಪತ್ರದ ಕೆಲಸ ಮಗು ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವಾಗಲೇ ಆಗಬೇಕು.

ಮೊದಲು ನೋಡಬೇಕಾದದ್ದು ಹೆಸರು. ಮಗುವಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದೆಯೇ? ಹುಟ್ಟಿದ ದಿನಾಂಕ ಒಂದೇ ಇದೆಯೇ? ವ್ಯತ್ಯಾಸವಿದ್ದರೆ ಅಂಕಪಟ್ಟಿಯನ್ನು ಮೂಲವೆಂದು ಇಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಹಾಗಾಗಿ ಕೌಂಟರಿನಲ್ಲಿ ಕೊಡುವ ಮುದ್ರಿತ ಚೀಟಿಯನ್ನು ಮಗಳಿಂದ ಓದಿಸಿಯೇ ಸಹಿ ಮಾಡಿ. 15 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತೊಮ್ಮೆ ಕೊಟ್ಟು ನವೀಕರಿಸಿರಬೇಕು, ಅದನ್ನೂ ಆಗಲೇ ಮುಗಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮನೆಯಲ್ಲಿರುವ, ಈಗ ಚಾಲ್ತಿಯಲ್ಲಿರುವ ಸಂಖ್ಯೆಯೇ ಆಗಿರಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ತಾಯಿಯೂ ಸಂಘಕ್ಕೆ ಹಾಲು ಹಾಕಿದವರೇ. ಪಶುವೈದ್ಯಕೀಯ ಪದವಿಯ ಮೊದಲ ವರ್ಷ ನನ್ನ ವಿದ್ಯಾರ್ಥಿವೇತನ ಬ್ಯಾಂಕಿನಿಂದ ವಾಪಸ್ ಹೋಯಿತು. ಅಂಕಪಟ್ಟಿಯ ಹೆಸರಿಗೂ ಬ್ಯಾಂಕ್ ಪುಸ್ತಕದ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸ. ಆ ಸಲದ ಹಾಸ್ಟೆಲ್ ಹಣಕ್ಕೆ ಅಮ್ಮ ಏಳು ತಿಂಗಳ ಗಬ್ಬದ ಪಡ್ಡೆಯನ್ನು ಮಾರಿದರು. ಇನ್ನೆರಡು ತಿಂಗಳಿಗೆ ಕರು ಹಾಕುತ್ತಿತ್ತು.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದರೆ ಪಿಯುಸಿ ಮುಗಿಯುವಾಗ ಅದು ಮುಗಿದಿರಬಹುದು. ಅದರ ಮೇಲೆ 'ಆರ್‌ಡಿ' ಎಂದು ಆರಂಭವಾಗುವ ಸಂಖ್ಯೆಯೊಂದು ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಆ ಸಂಖ್ಯೆಯನ್ನೇ. ಹಸುವಿನ ಕಿವಿಯೋಲೆಯ 12 ಅಂಕಿಗಳನ್ನು ಬಾಯಲ್ಲೇ ಹೇಳುವ ತಾಯಂದಿರನ್ನು ನಾನು ನೋಡಿದ್ದೇನೆ. ಮಗಳ ಆರ್‌ಡಿ ಸಂಖ್ಯೆಯನ್ನೂ ಹಾಲಿನ ಪುಸ್ತಕದ ಹಿಂದೆ ಬರೆದಿಡಿ.

ಮೂರನೆಯದು ಬ್ಯಾಂಕ್ ಖಾತೆ. ಅದು ಮಗುವಿನ ಹೆಸರಿನಲ್ಲೇ ಇರಬೇಕು. ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟುಬಂದರೆ ಸಾಲದು, ಖಾತೆ ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರಬೇಕು. ಗೃಹಲಕ್ಷ್ಮಿ ಹಣ ಬಾರದಿದ್ದಾಗ ಬ್ಯಾಂಕಿಗೆ ಅಲೆದು ನಿಮ್ಮಲ್ಲಿ ಅನೇಕರು ಮಾಡಿಸಿದ್ದು ಇದೇ ಕೆಲಸ. ಹಾಲಿನ ಪ್ರೋತ್ಸಾಹಧನಕ್ಕೂ ಇದೇ ದಾರಿ. ಮಗಳನ್ನು ಕರೆದುಕೊಂಡು ಹೋಗಿ, "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ನೋಡಿ" ಎಂದು ಇದೇ ಮಾತಿನಲ್ಲಿ ಕೇಳಿ. ಬ್ಯಾಂಕ್ ದೂರವಿದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಆಗುತ್ತದೆ. ಖಾತೆಯಲ್ಲಿ ಆಗಾಗ ನೂರು ರೂಪಾಯಿಯಾದರೂ ಹಾಕಿ ತೆಗೆಯುತ್ತಿರಿ. ಎರಡು ವರ್ಷ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ.

ಹಣ ಎಲ್ಲೆಲ್ಲಿದೆ

ರಾಜ್ಯ ಸರ್ಕಾರದ ವೇತನಗಳಿಗೆಲ್ಲ ಒಂದೇ ಬಾಗಿಲು, ಎಸ್‌ಎಸ್‌ಪಿ ಎಂದು ಕರೆಯುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ನಂತರದ ವೇತನ ಮತ್ತು ಶುಲ್ಕ ವಿನಾಯಿತಿಗೆ ಇಲ್ಲೇ ಅರ್ಜಿ. ಹಾಸ್ಟೆಲ್ ಸೀಟಿಗೆ ಬೇರೆ ಪೋರ್ಟಲ್ ಇದೆ, ಕಾಲೇಜು ಸೇರಿದ ಕೂಡಲೇ ಅದಕ್ಕೂ ಹಾಕಿ. ಹಿಂದುಳಿದ ವರ್ಗದ ಮಗುವಿಗೆ ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆ 'ವಿದ್ಯಾಸಿರಿ' ಇದೆ. ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಎಂದು ಅದನ್ನು ನಿಗದಿ ಮಾಡಲಾಗಿತ್ತು. ಹಾಸ್ಟೆಲ್ ಸಿಗಲಿಲ್ಲ ಎಂದು ಓದು ಬಿಡಿಸುವ ಮೊದಲು ಇದನ್ನು ವಿಚಾರಿಸಿ.

ರೈತರ ಮಕ್ಕಳಿಗೆಂದೇ 2021ರಲ್ಲಿ 'ರೈತ ವಿದ್ಯಾನಿಧಿ' ಆರಂಭವಾಯಿತು. ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಪದವಿಗೆ 5,000 ಮತ್ತು 5,500. ವೈದ್ಯಕೀಯ, ಎಂಜಿನಿಯರಿಂಗ್, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಎಂದು ದರ ಗೊತ್ತುಮಾಡಲಾಯಿತು. ಇದಕ್ಕೆ ಕೃಷಿ ಇಲಾಖೆಯ 'ಫ್ರೂಟ್ಸ್' ನೋಂದಣಿಯ ಎಫ್‌ಐಡಿ ಸಂಖ್ಯೆ ಬೇಕು. ಪಹಣಿ ಇನ್ನೂ ಮಕ್ಕಳ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಎಫ್‌ಐಡಿ ವಿಷಯವನ್ನೂ, ಈ ವರ್ಷದ ಅರ್ಜಿ ವಿಷಯವನ್ನೂ ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ಕೇಳಿಕೊಳ್ಳಿ.

ಕೇಂದ್ರ ಸರ್ಕಾರದ್ದು ಬೇರೆ ಪೋರ್ಟಲ್, ಎನ್‌ಎಸ್‌ಪಿ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದ ಮಕ್ಕಳಿಗೆ ಅಲ್ಲಿ ಒಂದು ವೇತನವಿದೆ: ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000. ಮಂಡಳಿಯ ಪರೀಕ್ಷೆಯಲ್ಲಿ ಮೇಲಿನ ಶೇ 20ರೊಳಗೆ ಬಂದಿರಬೇಕು. ಇದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಮೀಸಲು. ಇದಕ್ಕೆ ಜಾತಿಯ ಕಟ್ಟಿಲ್ಲ, ಹಾಗಾಗಿ ಸಾಮಾನ್ಯ ವರ್ಗದ ಬಡ ಮನೆಗಳೂ ನೋಡಬೇಕು. ಎಂಜಿನಿಯರಿಂಗ್ ಪದವಿಗೋ ಡಿಪ್ಲೊಮಾಕ್ಕೋ ಸೇರುವ ಹುಡುಗಿಯರಿಗೆ 'ಪ್ರಗತಿ' ಎಂಬ ವೇತನವಿದೆ, ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ ಎಂಟು ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ ಸೇರಿದ ಮಗಳಿಗೂ ಇದು ಸಿಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದರ ಹೆಸರು ಕೇಳಿದವರು ಕಡಿಮೆ.

ಖಾಸಗಿಯವರಲ್ಲಿ ನಿಮಗೆ ಎಲ್ಲಕ್ಕಿಂತ ಹತ್ತಿರದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್ ಹೆಣ್ಣುಮಕ್ಕಳಿಗೆ ಕೊಡುವ ವೇತನ. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಹುಡುಗಿಗೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ. 2025ರಿಂದ ಕರ್ನಾಟಕದ ಮಕ್ಕಳಿಗೂ ಇದು ದೊರೆಯುತ್ತಿದೆ. ಬಿಎ, ಬಿಕಾಂ ಓದುವವರಿಗೂ ಉಂಟು. ಮೂವತ್ತು ಸಾವಿರವೆಂದರೆ ಬಸ್ಸು, ಪುಸ್ತಕ, ಊಟ ಕಳೆದು ಹಾಲಿನ ಬಟವಾಡೆಗೆ ಕೈಹಾಕದೆ ಒಂದು ವರ್ಷ ದಾಟಬಹುದು. ಮಗಳನ್ನು ಸರ್ಕಾರಿ ಕಾಲೇಜಿಗೆ ಹಾಕಿದೆವಲ್ಲಾ ಎಂದು ಕೊರಗುವವರಿಗೆ ಇದೊಂದು ಸಮಾಧಾನ.

ಇನ್ನು, ಯಜಮಾನರು ಗಾರೆ ಕೆಲಸಕ್ಕೆ ಹೋಗುತ್ತಿದ್ದು ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಆ ಮಂಡಳಿಯ ಶೈಕ್ಷಣಿಕ ನೆರವನ್ನು ವಿಚಾರಿಸಿ. ಉತ್ಪಾದಕರ ಮಕ್ಕಳಿಗೆ ಒಕ್ಕೂಟದಿಂದ ಸಿಗುವ ನೆರವು, ಹಾಸ್ಟೆಲ್ ವಿಷಯ ನಿಮ್ಮ ಸಂಘದ ಕಾರ್ಯದರ್ಶಿಯ ಬಳಿ ಸಿಗುತ್ತದೆ. ಇಲ್ಲಿ ಒಂದು ಮಾತು: ಹಾಲು ಕರೆಯುವುದು ನೀವು, ಹಾಕುವುದು ನೀವು, ಸದಸ್ಯತ್ವ ಮಾತ್ರ ಬೇರೆಯವರ ಹೆಸರಿನಲ್ಲಿ ಇರುವ ಮನೆಗಳಿವೆ. ಸವಲತ್ತು ಸಿಗುವುದು ಪುಸ್ತಕದಲ್ಲಿ ಹೆಸರಿರುವವರ ಮಕ್ಕಳಿಗೆ.

ಇವ್ಯಾವುದಕ್ಕೂ ಅರ್ಜಿ ಶುಲ್ಕವಿಲ್ಲ. ಕಂಪ್ಯೂಟರ್ ಅಂಗಡಿಯವರು ತಮ್ಮ ಶ್ರಮಕ್ಕೆ ಪಡೆಯುವುದು ಬೇರೆ. "ಸ್ಕಾಲರ್‌ಶಿಪ್ ಮಂಜೂರಾಗಿದೆ, ಎರಡು ಸಾವಿರ ಕಟ್ಟಿ" ಎಂದು ಫೋನ್ ಬಂದರೆ ಅದು ಮೋಸ. ಒಟಿಪಿ ಯಾರಿಗೂ ಹೇಳಬೇಡಿ. ಅರ್ಜಿ ಯಾರೇ ತುಂಬಲಿ, ಮೊಬೈಲ್ ಸಂಖ್ಯೆ ಮಗಳದ್ದೋ ನಿಮ್ಮದೋ ಆಗಿರಲಿ, ಪಾಸ್‌ವರ್ಡ್ ಮಗಳ ನೋಟ್‌ಬುಕ್ಕಿನಲ್ಲಿರಲಿ.

ಇಷ್ಟಾದರೂ ಸಾಲದೆ ಬ್ಯಾಂಕ್ ಸಾಲದ ಯೋಚನೆ ಬಂದರೆ ಮಗಳು ಸೇರುವ ಕಾಲೇಜು 2024ರ ನವೆಂಬರ್‌ನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿದೆಯೇ ನೋಡಿ. ಅದರಲ್ಲಿ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಸಾಲ ಸಾಲವೇ ಆದರೂ, ಹಸು ಮಾರಿ ಶುಲ್ಕ ಕಟ್ಟುವುದಕ್ಕಿಂತ ಇದು ವಾಸಿ ಎಂದು ನನ್ನ ಅಭಿಪ್ರಾಯ. ಹಸು ಮನೆಯಲ್ಲಿದ್ದರೆ ಕಂತು ಕಟ್ಟಲು ಹಾಲಾದರೂ ಇರುತ್ತದೆ.

ಸಿಇಟಿ ಅರ್ಜಿಯಲ್ಲಿ ಬಿಟ್ಟುಹೋಗುವ ಕಲಂಗಳು

ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ನಿಮ್ಮ ಮಕ್ಕಳಲ್ಲಿ ಬಹುಪಾಲು ಇವೆರಡಕ್ಕೂ ಅರ್ಹರು. ಆದರೆ ಅರ್ಜಿ ತುಂಬುವಾಗಲೇ ಆ ಕಲಂ ಗುರುತು ಮಾಡಿ ಕೇಳಿಕೊಂಡಿರಬೇಕು. ನಡುವೆ ಒಂದೆರಡು ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಸಿಗುವುದಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಿಟ್ಟುಕೊಳ್ಳಿ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ, ಅದಕ್ಕೇ ಬೇಗ ಎನ್ನುವುದು.

ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ, ಹೈನು ತಂತ್ರಜ್ಞಾನ, ಮೀನುಗಾರಿಕೆ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಇದಕ್ಕೆ ತಹಶೀಲ್ದಾರ್ ಕಚೇರಿಯ ಕೃಷಿ ಆದಾಯದ ಪ್ರಮಾಣಪತ್ರ ಬೇಕು, ಜೊತೆಗೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಉಪಕರಣ ಗುರುತಿಸುವಂಥ ಪರೀಕ್ಷೆ ಅದು. ನೀವು ದಿನವೂ ಕೈಯಲ್ಲಿ ಹಿಡಿಯುವ ವಸ್ತುಗಳು. ಒಂದು ಭಾನುವಾರ ಮಗಳನ್ನು ಹೊಲ ಕೊಟ್ಟಿಗೆಗೆ ಕರೆದೊಯ್ದು ಒಂದೊಂದರ ಹೆಸರು, ಕೆಲಸ ಹೇಳಿಕೊಡಿ. ಆ ಪಾಠಕ್ಕೆ ನಿಮಗಿಂತ ಒಳ್ಳೆಯ ಮೇಷ್ಟರು ಸಿಗುವುದಿಲ್ಲ.

ಏನು ಓದುವುದು?

"ಸೆಗಣಿ ಬಾಚುವುದು ನನ್ನ ತಲೆಗೇ ಸಾಕು, ಮಗಳಿಗೆ ಬೇಡ" ಎನ್ನುತ್ತೀರಿ. ನ್ಯಾಯವೇ. ಆದರೆ ನಿಮ್ಮ ಕ್ಯಾನ್ ಹಾಲು ಸಂಘದ ಬಾಗಿಲು ದಾಟಿದ ಮೇಲೆ ಎಷ್ಟು ಜನರ ಕೈ ದಾಟುತ್ತದೆ ಎಂದು ನೋಡಿದ್ದೀರಾ? ಕೊಬ್ಬು, ಎಸ್‌ಎನ್‌ಎಫ್ ನೋಡುವ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದವರಿದ್ದಾರೆ. ಶೀತಲೀಕರಣ ಯಂತ್ರ ನೋಡಿಕೊಳ್ಳುವವರು ಐಟಿಐ, ಡಿಪ್ಲೊಮಾದವರು. ಲೆಕ್ಕಪತ್ರ, ಆಡಿಟ್ ನೋಡುವವರು ಬಿಕಾಂ ಓದಿದವರು. ನಿಮ್ಮ ಸಂಘಕ್ಕೆ ಬರುವ ವಿಸ್ತರಣಾಧಿಕಾರಿಗಳಿದ್ದಾರೆ. ಇವರಲ್ಲಿ ಯಾರೂ ಸೆಗಣಿ ಬಾಚುವುದಿಲ್ಲ, ಬಾಚುವುದೇನೆಂದು ಗೊತ್ತಿದ್ದವರು ಮಾತ್ರ ಕೆಲಸ ಚೆನ್ನಾಗಿ ಮಾಡುತ್ತಾರೆ.

ಹೈನು ತಂತ್ರಜ್ಞಾನದ ಬಿ.ಟೆಕ್ ನಾಲ್ಕು ವರ್ಷ. ಬೆಂಗಳೂರಿನ ಹೆಬ್ಬಾಳದಲ್ಲೂ ಕಲಬುರಗಿಯಲ್ಲೂ ಕಾಲೇಜುಗಳಿವೆ. ಪಶುವೈದ್ಯಕೀಯ ಪದವಿ ತರಬೇತಿಯೂ ಸೇರಿ ಐದೂವರೆ ವರ್ಷ. ಬೀದರ್‌ನ ವಿಶ್ವವಿದ್ಯಾಲಯದ ಕೆಳಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಯಲ್ಲಿ ಕಾಲೇಜುಗಳಿವೆ. ಅಖಿಲ ಭಾರತ ಕೋಟಾದ ಶೇ 15 ಸೀಟುಗಳು ನೀಟ್ ಅಂಕದ ಮೇಲೆ, ರಾಜ್ಯದ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಆಯಾ ವರ್ಷದ ಮಾಹಿತಿ ಪುಸ್ತಕವನ್ನು ಮಗಳೇ ಕೂತು ಓದಲಿ, ಇನ್ನೊಬ್ಬರ ಬಾಯಿಮಾತು ನಂಬಬೇಡಿ. ನನ್ನ ವೃತ್ತಿಯ ಬಗ್ಗೆ ಚೆಂದ ಮಾಡಿ ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಕರು ಅಡ್ಡ ಬಿದ್ದಿದೆ ಎಂದು ಕರೆ ಬರುತ್ತದೆ, ಭುಜದವರೆಗೆ ಕೈ ಒಳಗಿರುತ್ತದೆ. ಇದು ಹೆಣ್ಣುಮಕ್ಕಳ ಕೆಲಸವಲ್ಲ ಎನ್ನುವವರಿಗೆ ಮಾತ್ರ ಒಂದು ಉತ್ತರವಿದೆ: 1998ರಿಂದ 2014ರವರೆಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಡಾ. ಅಮೃತಾ ಪಟೇಲ್ ಪಶುವೈದ್ಯಕೀಯ ಓದಿದವರೇ.

ಅಷ್ಟು ಅಂಕ ಬಾರದಿದ್ದರೆ ದಾರಿ ಮುಚ್ಚಿತೆಂದಲ್ಲ. ಪಶುಸಂಗೋಪನೆಯಲ್ಲೂ ಕೃಷಿಯಲ್ಲೂ ಎರಡು ವರ್ಷದ ಡಿಪ್ಲೊಮಾಗಳಿವೆ, ಅವಕ್ಕೆ ಎಸ್ಸೆಸ್ಸೆಲ್ಸಿ ಸಾಕು. ತಿಪಟೂರು ಬಳಿಯ ಕೋನೇಹಳ್ಳಿಯ ಪಾಲಿಟೆಕ್ನಿಕ್ ಅಂಥದ್ದೊಂದು. ಕಲಾ, ವಾಣಿಜ್ಯ ಓದಿದ ಮಕ್ಕಳನ್ನು "ಇನ್ನೇನು ಮಾಡ್ತಾಳೆ" ಎಂದು ಕಡೆಗಣಿಸಬೇಡಿ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದ ಪಿಯುಸಿಯೂ ಆಗುತ್ತದೆ. ನಮ್ಮ ಹಳ್ಳಿಗಳ ಎಷ್ಟೋ ಪಹಣಿ ಜಗಳಗಳಿಗೆ ಊರಿನಲ್ಲೇ ಒಬ್ಬ ವಕೀಲೆ ಇದ್ದಿದ್ದರೆ ಎಂದು ನನಗೆ ಅನಿಸಿದೆ.

ಹದಿನೇಳರ ವಯಸ್ಸಿಗೆ ಎಲ್ಲವೂ ನಿಶ್ಚಯವಾಗಬೇಕೆಂದೂ ಇಲ್ಲ. ಡಾ. ವರ್ಗೀಸ್ ಕುರಿಯನ್ ಹೈನುಗಾರಿಕೆಯ ಆಸೆಯಿಂದ ಬಂದವರಲ್ಲ. ಎಂಜಿನಿಯರಿಂಗ್ ಓದಿದ್ದ ಅವರಿಗೆ ಸಿಕ್ಕ ಸರ್ಕಾರಿ ವಿದ್ಯಾರ್ಥಿವೇತನ ಹೈನುಗಾರಿಕೆಯದ್ದಾಗಿತ್ತು. ಬೆಂಗಳೂರಿನ ಹೈನುಗಾರಿಕೆ ಸಂಸ್ಥೆಯಲ್ಲಿ ಕೆಲಕಾಲ ಕಲಿತು ಅಮೆರಿಕಕ್ಕೆ ಹೋದರು. ಆ ವೇತನದ ಕರಾರಿನಂತೆ ಸರ್ಕಾರದ ಕೆಲಸ ಮಾಡಿಕೊಡಲು 1949ರಲ್ಲಿ ಆನಂದಕ್ಕೆ ಬಂದರು. ಬೇಗ ಬಿಟ್ಟುಹೋಗಬೇಕೆಂದಿದ್ದವರು ಅಲ್ಲೇ ಉಳಿದರು.

ಮಗಳಿಗೆ ಏನು ಇಷ್ಟ ಎಂದು ಕೇಳಿದರೆ "ಗೊತ್ತಿಲ್ಲ" ಎನ್ನುತ್ತಾಳೆ. ನೋಡದ್ದನ್ನು ಇಷ್ಟಪಡುವುದು ಹೇಗೆ? ಒಕ್ಕೂಟದ ಡೇರಿ ನೋಡಲು ಸಂಘದಿಂದ ಹೋಗುವಾಗ ಅವಳನ್ನೂ ಕರೆತನ್ನಿ, ಪ್ರಯೋಗಾಲಯದ ಹುಡುಗಿಯೊಂದಿಗೆ ಹತ್ತು ನಿಮಿಷ ಮಾತಾಡಲಿ. ಬೆಂಗಳೂರಿನ ಜಿಕೆವಿಕೆ, ಧಾರವಾಡದ ಕೃಷಿ ಮೇಳಗಳಿಗೆ ನಾವು ಬೀಜ, ಯಂತ್ರ ನೋಡಲು ಹೋಗುತ್ತೇವೆ. ಮಳಿಗೆಗಳಲ್ಲಿ ನಿಂತ ವಿದ್ಯಾರ್ಥಿಗಳನ್ನು "ನೀನು ಹೇಗೆ ಸೀಟು ಪಡೆದೆ, ಎಷ್ಟು ಖರ್ಚಾಯಿತು?" ಎಂದು ಕೇಳಿ. ಅವರೂ ಹಳ್ಳಿ ಮಕ್ಕಳೇ, ಸಂಕೋಚವಿಲ್ಲದೆ ಹೇಳುತ್ತಾರೆ.

ಇನ್ನೊಂದು ವಿಷಯ, ಬೇಸರಿಸಬೇಡಿ. ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಮಗಳು ಸೆಗಣಿ ಎತ್ತುತ್ತಿರುತ್ತಾಳೆ, ಅದೇ ವಯಸ್ಸಿನ ಮಗ ಮಲಗಿರುತ್ತಾನೆ ಅಥವಾ ಓದುತ್ತಿರುತ್ತಾನೆ. ಪರೀಕ್ಷೆಯ ಎರಡು ತಿಂಗಳಾದರೂ ಬೆಳಗಿನ ಕೆಲಸ ಹಂಚಿಹೋಗಲಿ. ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ಈಗ ವರ್ಷಕ್ಕೆ ಒಂದೇ ಸಲವಲ್ಲ, 2024ರಲ್ಲಿ ಅದನ್ನು ಮೂರು ಸಲ ನಡೆಸಲಾಗಿತ್ತು. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತೆಂದು ಕೂಡಲೇ ಗಂಡು ಹುಡುಕಲು ಹೊರಡಬೇಡಿ, ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ.

ಅರ್ಜಿ ಹಾಕಿದ ಮೇಲೂ ಸ್ವಲ್ಪ ಕೆಲಸ ಉಳಿದಿರುತ್ತದೆ. ಕಾಲೇಜಿನವರು ಅರ್ಜಿಯನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು, ಅಲ್ಲೇ ನಿಂತಿರುವುದು ಬಹಳ. ತಿಂಗಳಿಗೊಮ್ಮೆ ಮಗಳು ಪೋರ್ಟಲ್‌ನಲ್ಲಿ ಅರ್ಜಿ ಎಲ್ಲಿದೆ ಎಂದು ನೋಡಲಿ. ನಿಂತಿದ್ದರೆ ಅರ್ಜಿ ಸಂಖ್ಯೆ ಬರೆದುಕೊಂಡು ಕಾಲೇಜು ಕಚೇರಿಗೂ, ಅಲ್ಲಿ ಆಗದಿದ್ದರೆ ತಾಲ್ಲೂಕಿನ ಸಂಬಂಧಪಟ್ಟ ಇಲಾಖೆಗೂ ಹೋಗಲಿ. ಎರಡನೇ ವರ್ಷಕ್ಕೆ ಮತ್ತೆ ನವೀಕರಣದ ಅರ್ಜಿ ಹಾಕಬೇಕು. ಒಮ್ಮೆ ಬಂದದ್ದು ಪ್ರತಿ ವರ್ಷ ತಾನಾಗಿ ಬರುತ್ತದೆ ಎಂದುಕೊಂಡು ಎರಡನೇ ವರ್ಷ ಕಳೆದುಕೊಂಡವರೂ ಇದ್ದಾರೆ.

ಆ ಹಾಲುಜ್ವರದ ಹಸುವಿನ ಮನೆಗೆ ಮತ್ತೊಮ್ಮೆ ಹೋಗಿದ್ದೆ. ಕಿರಿಯವಳ ಆಧಾರ್‌ನಲ್ಲಿ ಇನಿಷಿಯಲ್ ತಿದ್ದಿಸಿದ್ದಾರೆ, ಬ್ಯಾಂಕ್ ಕೆಲಸ ಆಗಿದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾರೆ, ಇನ್ನೂ ಬರಬೇಕು. ದೊಡ್ಡವಳು ತವರಿಗೆ ಬಂದಿದ್ದಳು. ಅರ್ಧಕ್ಕೆ ಬಿಟ್ಟ ಪದವಿಯನ್ನು ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಬಹುದಾ ಎಂದು ಕೇಳಿದಳು. ಓದಬಹುದು, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲಿದ್ದುಕೊಂಡೇ ಪದವಿ ಮಾಡುವ ಅವಕಾಶವಿದೆ ಎಂದು ಹೇಳಿದ್ದೇನೆ.